ಹಿಡಿದದ್ದನ್ನು ಬಿಡುವ ಲೆಕ್ಕ: ಲಿನಕ್ಸ್ ಕರ್ನಲ್‌ನ ರೆಫರೆನ್ಸ್ ಎಣಿಕೆ ಮತ್ತು ಸಂಪನ್ಮೂಲ ತೆರವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿ ಭಾಷೆ ಬಲ್ಲ, ಲಿನಕ್ಸ್ ಕರ್ನಲ್‌ಗೆ ಡ್ರೈವರ್ ಬರೆಯಲು ತೊಡಗಿರುವ ಅಥವಾ ಬೇರೆಯವರು ಬರೆದ ಡ್ರೈವರನ್ನು ಪರಿಶೀಲಿಸಬೇಕಾಗಿ ಬಂದಿರುವ ಓದುಗರಿಗಾಗಿ ಈ ಪುಟವನ್ನು ಬರೆದಿದ್ದೇನೆ. ಸಾಮಾನ್ಯ ಪ್ರೋಗ್ರಾಂ ಒಂದು ಮೆಮೊರಿಯನ್ನು ಹಿಂದಿರುಗಿಸಲು ಮರೆತರೂ ಅದು ಮುಗಿದಾಗ ಆಪರೇಟಿಂಗ್ ಸಿಸ್ಟಂ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಕರ್ನಲ್ಲೇ ಮರೆತರೆ ಬಾಚಿಕೊಳ್ಳಲು ಅದರ ಹಿಂದೆ ಬೇರೆ ಯಾರೂ ಇಲ್ಲ. ಯಂತ್ರವನ್ನು ರೀಬೂಟ್ ಮಾಡುವವರೆಗೂ ಆ ನಷ್ಟ ಹಾಗೆಯೇ ಉಳಿಯುತ್ತದೆ. ಬೇಗನೆ ಬಿಟ್ಟರೆ ಅದಕ್ಕಿಂತಲೂ ಕೇಡು, ಏಕೆಂದರೆ ಆಗ ಇಡೀ ಯಂತ್ರದ ಭದ್ರತೆಯೇ ಕುಸಿಯಬಹುದು. ಫಂಕ್ಷನ್‌ಗಳ ಹೆಸರನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ.

ರೆಫರೆನ್ಸ್ ಎಣಿಕೆ ನಿಖರವಾಗಿ ಏನನ್ನು ಎಣಿಸುತ್ತದೆ?

ಒಂದು ವಸ್ತುವಿನ ಕಡೆಗೆ ಎಷ್ಟು ಪಾಯಿಂಟರ್‌ಗಳು ಬೊಟ್ಟು ಮಾಡುತ್ತಿವೆ ಎಂಬುದನ್ನು ಎಣಿಸುತ್ತದೆ ಎಂದು ಹಲವರು ಭಾವಿಸುತ್ತಾರೆ, ಆದರೆ ಆ ತಿಳಿವಳಿಕೆಯಿಂದಲೇ ಅರ್ಧದಷ್ಟು ತಪ್ಪುಗಳು ಹುಟ್ಟುತ್ತವೆ. ಎಣಿಕೆ ಹೇಳುವುದು ಹೊಣೆಗಾರರ ಸಂಖ್ಯೆಯನ್ನು, ಅಂದರೆ ಈ ವಸ್ತು ತನಗಿನ್ನೂ ಬೇಕು ಎಂದು ಹೇಳಿ ಮುಂದೊಮ್ಮೆ ಅದನ್ನು ಬಿಡಲು ಒಪ್ಪಿಕೊಂಡಿರುವವರ ಸಂಖ್ಯೆಯನ್ನು. ಒಬ್ಬ ಹೊಣೆಗಾರನ ಬಳಿ ಅದೇ ವಸ್ತುವಿಗೆ ಹತ್ತು ಪಾಯಿಂಟರ್‌ಗಳಿದ್ದರೂ ಹಿಡಿತ, ಅಂದರೆ ರೆಫರೆನ್ಸ್, ಒಂದೇ ಇರಬಹುದು.

ಮದುವೆ ಮುಗಿದ ಮೇಲೆ ಛತ್ರದಿಂದ ಅಡುಗೆಯವರು, ಶಾಮಿಯಾನದವರು, ಎರಡೂ ಕಡೆಯ ಬೀಗರು ಬೇರೆ ಬೇರೆ ಹೊತ್ತಿಗೆ ಹೊರಡುತ್ತಾರೆ. ಯಾರು ಕೊನೆಯವರಾಗುತ್ತಾರೆ ಎಂಬುದು ಮೊದಲೇ ಯಾರಿಗೂ ತಿಳಿದಿರುವುದಿಲ್ಲ, ಆದರೂ ದೀಪ ಆರಿಸಿ ಬೀಗ ಹಾಕುವ ಕೆಲಸ ಕೊನೆಯವರಿಂದ ಒಂದೇ ಒಂದು ಸಲ ಆಗಬೇಕು. ಕರ್ನಲ್‌ನಲ್ಲಿಯೂ ಸ್ಥಿತಿ ಇದೇ: ಒಂದು ಸಾಧನದ ರಚನೆಯನ್ನು ಬಳಕೆದಾರರ ಪ್ರೋಗ್ರಾಂ, ಇಂಟರಪ್ಟ್, ಟೈಮರ್, ಕೆಲಸದ ಸರದಿ ಎಲ್ಲವೂ ಏಕಕಾಲದಲ್ಲಿ ಬಳಸುತ್ತಿರುತ್ತವೆ, ಮತ್ತು ಅವು ಯಾವ ಕ್ರಮದಲ್ಲಿ ಮುಗಿಯುತ್ತವೆ ಎಂಬುದನ್ನು ಬರೆಯುವವರು ನಿಯಂತ್ರಿಸಲಾರರು. ಅಂಥ ಕಡೆಗಳಲ್ಲಿ ಮಾತ್ರ ಎಣಿಕೆ ಬೇಕಾಗುತ್ತದೆ. ಒಡೆಯ ಒಬ್ಬನೇ ಎಂದು ಖಚಿತವಾಗಿರುವ ವಸ್ತುವಿಗೆ ಎಣಿಕೆ ಸೇರಿಸುವುದು ಅನಾವಶ್ಯಕ ಮಾತ್ರವಲ್ಲದೆ, ಓದುವವರಿಗೆ ಅಲ್ಲಿ ಇಲ್ಲದ ಹಂಚಿಕೆಯನ್ನು ಸೂಚಿಸುವುದರಿಂದ ಹಾನಿಕರವೂ ಹೌದು.

ಪ್ರೋಗ್ರಾಂ ಕ್ಲೋಸ್ ಕರೆದ ಕೂಡಲೇ ನನ್ನ ಡ್ರೈವರ್‌ನ ರಿಲೀಸ್ ಫಂಕ್ಷನ್ ನಡೆಯಲೇಬೇಕಲ್ಲವೇ?

ಹಾಗೇನೂ ಇಲ್ಲ. ಪ್ರೋಗ್ರಾಂಗೆ ಕಾಣುವ ಫೈಲ್ ಡಿಸ್ಕ್ರಿಪ್ಟರ್ ಒಂದು ಕೋಷ್ಟಕದ ಸಾಲಿನ ಸಂಖ್ಯೆ ಮಾತ್ರ. ಆ ಸಾಲು ಕರ್ನಲ್‌ನೊಳಗಿನ ಫೈಲ್ ರಚನೆಯೊಂದನ್ನು ಹಿಡಿದುಕೊಂಡಿರುತ್ತದೆ. ಡ್ಯೂಪ್ ಕರೆದಾಗ, ಫೋರ್ಕ್‌ನಿಂದ ಮರಿ ಪ್ರಕ್ರಿಯೆ ಹುಟ್ಟಿದಾಗ ಮತ್ತು ಯೂನಿಕ್ಸ್ ಸಾಕೆಟ್‌ನ ಮೂಲಕ ಡಿಸ್ಕ್ರಿಪ್ಟರನ್ನು ಬೇರೊಂದು ಪ್ರಕ್ರಿಯೆಗೆ ಕಳುಹಿಸಿದಾಗ ಅದೇ ಫೈಲ್ ರಚನೆಯ ಎಣಿಕೆ ಏರುತ್ತದೆ. ಎಂಮ್ಯಾಪ್ ಮಾಡಿದ ಪ್ರದೇಶವೂ ಒಂದು ಹಿಡಿತವನ್ನು ಇಟ್ಟುಕೊಳ್ಳುವುದರಿಂದ, ಡಿಸ್ಕ್ರಿಪ್ಟರ್ ಮುಚ್ಚಿದ ಮೇಲೂ ಫೈಲ್ ಜೀವಂತವಾಗಿಯೇ ಇರುತ್ತದೆ.

ಪ್ರತಿ ಕ್ಲೋಸ್‌ಗೂ ಕರೆಯಲಾಗುವುದು ಡ್ರೈವರ್‌ನ ಫ್ಲಶ್ ಫಂಕ್ಷನ್. ರಿಲೀಸ್ ನಡೆಯುವುದು ಕೊನೆಯ ಹಿಡಿತ ಬಿಟ್ಟಾಗ, ಒಂದೇ ಸಲ. ಆದ್ದರಿಂದ ಮುಚ್ಚಿದ ತಕ್ಷಣ ಹಾರ್ಡ್‌ವೇರ್ ನಿಲ್ಲುತ್ತದೆ ಎಂಬ ಭರವಸೆಯನ್ನು ರಿಲೀಸ್‌ನ ಮೇಲೆ ಇಡಬಾರದು. ಹಾಗೆ ನಿಲ್ಲಲೇಬೇಕಾದರೆ ಅದಕ್ಕೆಂದೇ ಒಂದು ಐಆಕ್ಟಲ್ (ಪ್ರೋಗ್ರಾಂ ಡ್ರೈವರ್‌ಗೆ ನೇರವಾಗಿ ಕಳುಹಿಸುವ) ಆದೇಶವನ್ನು ಕೊಡುವುದು ಸರಿ. ಇನ್ನೊಂದು ಸೂಕ್ಷ್ಮವೂ ಇದೆ. ಕರ್ನಲ್‌ನ 2012ರ 3.6 ಆವೃತ್ತಿಯಿಂದ, ಫೈಲ್ ರಚನೆಯನ್ನು ಬಿಡಲು ಬಳಸುವ ಎಫ್‌ಪುಟ್ ಫಂಕ್ಷನ್ ಕೊನೆಯ ಹಿಡಿತವನ್ನು ಬಿಟ್ಟಾಗ ತೆರವಿನ ಕೆಲಸವನ್ನು ಸಾಮಾನ್ಯವಾಗಿ ಅಲ್ಲಿಯೇ ಮಾಡದೆ, ಪ್ರಕ್ರಿಯೆ ಬಳಕೆದಾರರ ಕಡೆಗೆ ಮರಳುವ ಹೊತ್ತಿಗೆ ಮುಂದೂಡುತ್ತದೆ. ಎಫ್‌ಪುಟ್ ಕರೆಯುವವರು ಯಾವ ಲಾಕ್‌ಗಳನ್ನು ಹಿಡಿದಿದ್ದಾರೆ ಎಂಬುದು ತೆರವಿನ ಕೋಡ್‌ಗೆ ತಿಳಿದಿರುವುದಿಲ್ಲ, ಹೀಗಾಗಿ ಅಲ್ಲೇ ತೆರವು ಮಾಡಲು ಹೋದರೆ ಲಾಕ್‌ಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಅಪಾಯವಿತ್ತು.

ಅಳಿಸಿದ ಫೈಲಿನ ಜಾಗ ಡಿಸ್ಕಿನಲ್ಲಿ ಏಕೆ ಮರಳಿ ಸಿಗುವುದಿಲ್ಲ?

ಫೈಲ್ ಸಿಸ್ಟಂನಲ್ಲಿ ಫೈಲೊಂದನ್ನು ಪ್ರತಿನಿಧಿಸುವ ಐನೋಡ್‌ಗೆ ಎರಡು ಬೇರೆ ಎಣಿಕೆಗಳಿವೆ: ಡೈರೆಕ್ಟರಿಗಳಲ್ಲಿ ಅದಕ್ಕಿರುವ ಹೆಸರುಗಳ ಎಣಿಕೆ ಡಿಸ್ಕಿನಲ್ಲಿರುತ್ತದೆ, ಈಗ ಅದನ್ನು ಬಳಸುತ್ತಿರುವವರ ಎಣಿಕೆ ಮೆಮೊರಿಯಲ್ಲಿರುತ್ತದೆ. ಎರಡೂ ಸೊನ್ನೆಯಾದ ಮೇಲಷ್ಟೇ ಜಾಗ ಬಿಡುಗಡೆಯಾಗುತ್ತದೆ. ಸರ್ವರ್‌ನ ದೊಡ್ಡ ಲಾಗ್ ಫೈಲನ್ನು ಅಳಿಸಿದ ಮೇಲೂ ಡಿಎಫ್ ಆದೇಶ ಡಿಸ್ಕ್ ತುಂಬಿದೆಯೆಂದೂ ಡಿಯು ಆದೇಶ ಜಾಗವಿದೆಯೆಂದೂ ಹೇಳುವುದು ಇದೇ ಕಾರಣದಿಂದ. ಆ ಫೈಲನ್ನು ತೆರೆದಿಟ್ಟುಕೊಂಡಿರುವ ಸೇವೆಯನ್ನು ಮರುಪ್ರಾರಂಭಿಸಿದರೆ ಜಾಗ ಮರಳುತ್ತದೆ.

ಕ್ಲೋಸ್ ಕರೆ ಸಿಗ್ನಲ್‌ನಿಂದ ಅಡಚಣೆಗೊಂಡು ವಿಫಲವಾದರೆ ಮತ್ತೆ ಕರೆಯಬೇಕೇ?

ಲಿನಕ್ಸ್‌ನಲ್ಲಿ ಕರೆಯಲೇಬಾರದು. ದೋಷ ಹಿಂದಿರುಗಿಸುವ ಮೊದಲೇ ಡಿಸ್ಕ್ರಿಪ್ಟರ್ ಸಂಖ್ಯೆ ಖಾಲಿಯಾಗಿರುತ್ತದೆ, ಅಷ್ಟರಲ್ಲಿ ಬೇರೊಂದು ಥ್ರೆಡ್ ಅದೇ ಸಂಖ್ಯೆಯಲ್ಲಿ ಹೊಸ ಫೈಲನ್ನು ತೆರೆದಿದ್ದರೆ ಎರಡನೆಯ ಕ್ಲೋಸ್ ಅದನ್ನು ಮುಚ್ಚಿಬಿಡುತ್ತದೆ.

ಕೆರೆಫ್ ಬಳಸುವಾಗ ಪಾಲಿಸಲೇಬೇಕಾದ ನಿಯಮಗಳು ಯಾವುವು?

ಕೆರೆಫ್ 2004ರಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಅವರ ಕೈಯಿಂದ ಕರ್ನಲ್ ಸೇರಿದ ಪುಟ್ಟ ರಚನೆ. ಅದರೊಳಗಿರುವುದು ಒಂದು ಎಣಿಕೆ ಮಾತ್ರ. ಕೆರೆಫ್_ಇನಿಟ್ ಅದನ್ನು 1ಕ್ಕೆ ಇಡುತ್ತದೆ, ಕೆರೆಫ್_ಗೆಟ್ ಏರಿಸುತ್ತದೆ, ಕೆರೆಫ್_ಪುಟ್ ಇಳಿಸಿ, ಸೊನ್ನೆ ಮುಟ್ಟಿದರೆ ನೀವು ಕೊಟ್ಟ ತೆರವಿನ ಫಂಕ್ಷನನ್ನು ಕರೆಯುತ್ತದೆ. ಆರಂಭದ ಆ 1 ವಸ್ತುವನ್ನು ಸೃಷ್ಟಿಸಿದವರ ಹಿಡಿತ ಎಂಬುದನ್ನು ಮರೆತು, ಸೃಷ್ಟಿಸಿದ ಕೂಡಲೇ ಇನ್ನೊಂದು ಗೆಟ್ ಮಾಡಿ ಕೊನೆಗೆ ಒಂದೇ ಪುಟ್ ಮಾಡುವವರು ಬಹಳ.

ಕರ್ನಲ್‌ನ ಜೊತೆಗೇ ಬರುವ ದಾಖಲೆ ಮೂರು ನಿಯಮಗಳನ್ನು ಹೇಳುತ್ತದೆ. ಪಾಯಿಂಟರ್‌ನ ಪ್ರತಿಯೊಂದನ್ನು ತಾತ್ಕಾಲಿಕ ಬಳಕೆಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದಾದರೆ, ವಿಶೇಷವಾಗಿ ಬೇರೊಂದು ಥ್ರೆಡ್‌ಗೆ ಕೊಡುವುದಾದರೆ, ಕೊಡುವ ಮೊದಲೇ ಹಿಡಿತ ಪಡೆಯಬೇಕು. ಕೆಲಸ ಮುಗಿದಾಗ ಬಿಡಬೇಕು. ನಿಮ್ಮ ಬಳಿ ಆಗಲೇ ಒಂದು ಹಿಡಿತವಿಲ್ಲದೆ ಹೊಸದಾಗಿ ಪಡೆಯಲು ಹೊರಟರೆ, ಅದೇ ಹೊತ್ತಿನಲ್ಲಿ ಬೇರೆಯವರು ಕೊನೆಯ ಹಿಡಿತವನ್ನು ಬಿಡದಂತೆ ಲಾಕ್‌ನಂಥ ಏರ್ಪಾಡು ಇರಬೇಕು.

ಮೊದಲನೆಯ ನಿಯಮದಲ್ಲಿ "ಮೊದಲೇ" ಎಂಬ ಪದವೇ ಜೀವಾಳ. ಹೊಸ ಥ್ರೆಡ್ ಹುಟ್ಟಿದ ಮೇಲೆ ಅದೇ ತನ್ನ ಹಿಡಿತವನ್ನು ಪಡೆಯಲಿ ಎಂದು ಬಿಟ್ಟರೆ, ಆ ಥ್ರೆಡ್ ಓಡಲು ತೊಡಗುವ ಮುನ್ನವೇ ನೀವು ನಿಮ್ಮದನ್ನು ಬಿಟ್ಟು ವಸ್ತು ಮಾಯವಾಗಿರಬಹುದು. ಆದ್ದರಿಂದ ಹಿಡಿತವನ್ನು ಕೊಡುವವರೇ ಪಡೆದು, ತೆಗೆದುಕೊಳ್ಳುವವರು ಬಿಡುವ ಪದ್ಧತಿ ಬಂದಿದೆ. ಥ್ರೆಡ್ ಹುಟ್ಟಿಸುವ ಕರೆಯೇ ವಿಫಲವಾದರೆ ಬಿಡಲು ಆ ಥ್ರೆಡ್ಡೇ ಇರುವುದಿಲ್ಲ, ಹಾಗಾಗಿ ಅದರ ಪಾಲಿನ ಹಿಡಿತವನ್ನೂ ನೀವೇ ಬಿಡಬೇಕಾಗುತ್ತದೆ. ಈ ಸಾಲು ತಪ್ಪಿಹೋಗಿರುವುದನ್ನು ನಾನು ಪರಿಶೀಲನೆಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕ ವಸ್ತುವಿನ ಎಣಿಕೆ ಆಗಲೇ ಸೊನ್ನೆಯಾಗಿದ್ದರೆ?

ಮೂರನೆಯ ನಿಯಮ ಕಷ್ಟಕ್ಕೆ ಬರುವುದು ಇಲ್ಲಿಯೇ. ಪಟ್ಟಿಯ ಲಾಕ್ ಹಿಡಿದು ವಸ್ತುವನ್ನು ಹುಡುಕುತ್ತೀರಿ, ಅತ್ತ ಇನ್ನೊಂದು ಸಿಪಿಯು ಎಣಿಕೆಯನ್ನು ಸೊನ್ನೆಗೆ ಇಳಿಸಿ, ಪಟ್ಟಿಯಿಂದ ತೆಗೆಯಲು ಅದೇ ಲಾಕ್‌ಗಾಗಿ ಕಾಯುತ್ತಿರುತ್ತದೆ. ನಿಮಗೆ ಸಿಕ್ಕಿರುವುದು ಆಗಲೇ ಸಾವನ್ನು ನಿಶ್ಚಯಿಸಿಕೊಂಡ ವಸ್ತು. ಸೊನ್ನೆಯಿಂದ ಮತ್ತೆ 1ಕ್ಕೆ ಏರಿಸಿ ಅದನ್ನು ಬದುಕಿಸಲಾಗದು, ಏಕೆಂದರೆ ತೆರವಿನ ಫಂಕ್ಷನ್ ಆಗಲೇ ಹೊರಟಿದೆ. ಕೆರೆಫ್_ಗೆಟ್_ಅನ್‌ಲೆಸ್_ಝೀರೋ ಇರುವುದು ಇದಕ್ಕಾಗಿ: ಎಣಿಕೆ ಸೊನ್ನೆಯಲ್ಲದಿದ್ದರೆ ಮಾತ್ರ ಏರಿಸುತ್ತದೆ, ಸೊನ್ನೆಯಾಗಿದ್ದರೆ ವಿಫಲವಾಗುತ್ತದೆ, ಆಗ ವಸ್ತು ಸಿಗಲಿಲ್ಲವೆಂದೇ ತಿಳಿದು ಮುಂದೆ ಹೋಗಬೇಕು. ಇಳಿಸುವಿಕೆ ಮತ್ತು ಪಟ್ಟಿಯಿಂದ ತೆಗೆಯುವಿಕೆ ಎರಡನ್ನೂ ಲಾಕ್‌ನೊಳಗೇ ನಡೆಸುವ ಕೆರೆಫ್_ಪುಟ್_ಮ್ಯೂಟೆಕ್ಸ್ ಇನ್ನೊಂದು ದಾರಿ.

ಆದರೆ ಎಣಿಕೆಯನ್ನು ಓದಿ ನೋಡಲೂ ಅದು ಇರುವ ಮೆಮೊರಿ ಆ ಕ್ಷಣದಲ್ಲಿ ಮಾನ್ಯವಾಗಿರಬೇಕಷ್ಟೆ. ಲಾಕ್ ಇಲ್ಲದೆ ಹುಡುಕುವ ಕಡೆಗಳಲ್ಲಿ ಆ ಭರವಸೆಯನ್ನು ಕೊಡುವುದು ಆರ್‌ಸಿಯು, ಅಂದರೆ ಈಗ ಓದುತ್ತಿರುವವರೆಲ್ಲ ಮುಗಿಸುವವರೆಗೆ ಮೆಮೊರಿಯ ಬಿಡುಗಡೆಯನ್ನು ತಡೆಹಿಡಿಯುವ ವ್ಯವಸ್ಥೆ. ಆಗ ತೆರವಿನ ಫಂಕ್ಷನ್‌ನಲ್ಲಿ ಮೆಮೊರಿಯನ್ನು ಕೂಡಲೇ ಹಿಂದಿರುಗಿಸುವ ಕೆಫ್ರೀ ಬದಲು ಕೆಫ್ರೀ_ಆರ್‌ಸಿಯು ಬಳಸಬೇಕು. ಎರಡು ಸಾಧನಗಳ ಪಾತ್ರ ಬೇರೆ ಬೇರೆ: ಆರ್‌ಸಿಯು ನಿಮಗೆ ಕೆಲವು ಕ್ಷಣಗಳ ರಕ್ಷಣೆ ಕೊಡುತ್ತದೆ, ಆ ಕ್ಷಣಗಳಲ್ಲಿ ನೀವು ಎಣಿಕೆಯ ಮೂಲಕ ದೀರ್ಘಕಾಲದ ಹಕ್ಕನ್ನು ಪಡೆದುಕೊಳ್ಳಬೇಕು.

ಎಣಿಕೆಗೆ ಸಾಮಾನ್ಯ ಅಟಾಮಿಕ್ ಪೂರ್ಣಾಂಕ ಸಾಲದೇ? ರೆಫ್‌ಕೌಂಟ್_ಟಿ ಏಕೆ ಬೇಕಾಯಿತು?

ಈ ಪ್ರಶ್ನೆಗೆ ಉತ್ತರವಾಗಿ ಸಿವಿಇ-2016-0728 (ಸಿವಿಇ ಎಂದರೆ ಬಹಿರಂಗಗೊಂಡ ಭದ್ರತಾ ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆ) ಎಂಬ ದೋಷವನ್ನು ಬಿಡಿಸಿ ಹೇಳುವುದು ಮೇಲು. ಕರ್ನಲ್‌ನಲ್ಲಿ ಗೂಢಲಿಪಿಯ ಕೀಲಿಗಳನ್ನು ಇಡುವ ಕೀರಿಂಗ್ ಎಂಬ ವ್ಯವಸ್ಥೆಯಿದೆ. ಪ್ರಕ್ರಿಯೆಯೊಂದು ಹೆಸರು ಹೇಳಿ ಒಂದು ಕೀರಿಂಗ್‌ಗೆ ಸೇರಿಕೊಳ್ಳಬಹುದು. ಆಗ ಕರ್ನಲ್ ಮೊದಲು ಹೆಸರಿನಿಂದ ಹುಡುಕಿ, ಸಿಕ್ಕದ್ದರ ಹಿಡಿತ ಪಡೆದು, ಮುಂದಿನ ಕೆಲಸ ಮಾಡುತ್ತದೆ. ಪ್ರಕ್ರಿಯೆ ತಾನು ಆಗಲೇ ಸೇರಿರುವ ಕೀರಿಂಗ್‌ಗೇ ಮತ್ತೆ ಸೇರಲು ಕೇಳಿದರೆ ಮಾಡಬೇಕಾದ ಕೆಲಸವೇನೂ ಇಲ್ಲವೆಂದು ಕೋಡ್ ಬೇಗನೆ ಹೊರಬೀಳುತ್ತಿತ್ತು, ಆದರೆ ಹುಡುಕುವಾಗ ಪಡೆದ ಹಿಡಿತವನ್ನು ಬಿಡದೆ ಹೊರಬೀಳುತ್ತಿತ್ತು. 2013ರ 3.8 ಆವೃತ್ತಿಯಿಂದ ಇದ್ದ ಈ ಕೊರತೆ ಬೆಳಕಿಗೆ ಬಂದದ್ದು 2016ರ ಜನವರಿಯಲ್ಲಿ.

ಒಂದು ಹಿಡಿತ ಸೋರಿದರೆ ಸ್ವಲ್ಪ ಮೆಮೊರಿ ವ್ಯರ್ಥ, ಅಷ್ಟೇ ಅಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಎಣಿಕೆ 32 ಬಿಟ್‌ಗಳದ್ದು. ಅದೇ ಕರೆಯನ್ನು 2ರ 32ನೆಯ ಘಾತದಷ್ಟು, ಅಂದರೆ 429 ಕೋಟಿಗೂ ಹೆಚ್ಚು ಸಲ ಮಾಡುತ್ತ ಹೋದರೆ ಎಣಿಕೆ ಸುತ್ತಿಕೊಂಡು ಸೊನ್ನೆಗೆ ಬರುತ್ತದೆ. ಆಗ ಕರ್ನಲ್ ಕೀರಿಂಗನ್ನು ಬಿಡುಗಡೆ ಮಾಡುತ್ತದೆ, ಪ್ರಕ್ರಿಯೆ ಮಾತ್ರ ಅದನ್ನು ಇನ್ನೂ ಬಳಸುತ್ತಲೇ ಇರುತ್ತದೆ. ಖಾಲಿಯಾದ ಆ ಜಾಗಕ್ಕೆ ದಾಳಿಕೋರ ತನ್ನ ದತ್ತಾಂಶವನ್ನು ತುಂಬಿ, ಅದರೊಳಗಿನ ಫಂಕ್ಷನ್ ಪಾಯಿಂಟರನ್ನು ತನಗೆ ಬೇಕಾದ ಕಡೆ ತಿರುಗಿಸಿ ರೂಟ್ ಅಧಿಕಾರ ಪಡೆಯಬಹುದು. ಇದನ್ನು ಕಂಡುಹಿಡಿದ ಪರ್ಸೆಪ್ಶನ್ ಪಾಯಿಂಟ್ ತಂಡ ತೋರಿಸಿದ ದಾಳಿ ಸಾಮಾನ್ಯ ಲ್ಯಾಪ್‌ಟಾಪ್ ಪ್ರೊಸೆಸರ್‌ನಲ್ಲಿ ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಸೋರಿಕೆ ಎಂದು ಹಗುರವಾಗಿ ಕಾಣುವ ತಪ್ಪು ಸಾಕಷ್ಟು ಸಲ ಮರುಕಳಿಸಿದರೆ ಅವಧಿಗೆ ಮುನ್ನ ಬಿಡುಗಡೆ ಮಾಡುವ ತಪ್ಪೇ ಆಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಪ್ರಕರಣ ನನ್ನ ನೆನಪಿನಲ್ಲಿಲ್ಲ.

2017ರ 4.11 ಆವೃತ್ತಿಯಲ್ಲಿ ಪೀಟರ್ ಝೈಲ್‌ಸ್ಟ್ರಾ ಅವರ ರೆಫ್‌ಕೌಂಟ್_ಟಿ ಬಂದಿತು, ಮತ್ತು ಎಲೆನಾ ರೆಶೆಟೋವಾ, ಕೀಸ್ ಕುಕ್ ಮೊದಲಾದವರು ಕರ್ನಲ್‌ನ ಉದ್ದಗಲಕ್ಕೂ ಇದ್ದ ಹಳೆಯ ಎಣಿಕೆಗಳನ್ನು ಅದಕ್ಕೆ ಬದಲಿಸುತ್ತ ಹೋದರು. ಈ ಬಗೆಯ ಎಣಿಕೆ ಮಿತಿ ಮೀರಿದರೆ ಸುತ್ತಿಕೊಳ್ಳುವುದಿಲ್ಲ. ಒಂದು ಬೆಲೆಯಲ್ಲಿ ಅಂಟಿಕೊಂಡು ನಿಲ್ಲುತ್ತದೆ, ಆ ಬಳಿಕ ಇಳಿಯುವುದೂ ಇಲ್ಲ. ವಸ್ತು ಶಾಶ್ವತವಾಗಿ ಸೋರುತ್ತದೆ, ದಾಳಿಗೆ ಮಾತ್ರ ಒದಗುವುದಿಲ್ಲ. ಸೊನ್ನೆಯಿಂದ ಏರಿಸಲು ಹೋದರೂ ಲಾಗ್‌ನಲ್ಲಿ ಎಚ್ಚರಿಕೆ ಬರುತ್ತದೆ. ಆ ಎಚ್ಚರಿಕೆ ಕಂಡಾಗ ಅದನ್ನು ಅಡಗಿಸಲೆಂದು ಮತ್ತೆ ಅಟಾಮಿಕ್ ಪೂರ್ಣಾಂಕಕ್ಕೆ ಮರಳುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಎಚ್ಚರಿಕೆ ಬಂದಿದೆಯೆಂದರೆ ವಸ್ತುವಿನ ಆಯುಷ್ಯದ ಲೆಕ್ಕ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಒಂದೇ ಹಿಡಿತವನ್ನು ಎರಡು ಸಲ ಬಿಟ್ಟರೆ?

ಎರಡನೆಯ ಸಲ ನೀವು ಬಿಡುವುದು ಬೇರೊಬ್ಬರ ಹಿಡಿತವನ್ನು, ಅವರಿಗೆ ತಿಳಿಯದಂತೆ. ಸಿವಿಇ-2016-4557 ಇಂಥದ್ದೇ: ಬಿಪಿಎಫ್ ಪ್ರೋಗ್ರಾಂಗಳನ್ನು (ಬಳಕೆದಾರರು ಕರ್ನಲ್‌ನೊಳಗೆ ಓಡಿಸಲು ಕೊಡುವ ಪುಟ್ಟ ಪ್ರೋಗ್ರಾಂಗಳನ್ನು) ಪರಿಶೀಲಿಸುವ ಕೋಡ್ ಒಂದು ಡಿಸ್ಕ್ರಿಪ್ಟರ್ ಬಿಪಿಎಫ್ ಮ್ಯಾಪ್‌ನದ್ದಲ್ಲ ಎಂದು ಕಂಡಾಗ, ಒಳಗಿನ ಸಹಾಯಕ ಫಂಕ್ಷನ್ ಆಗಲೇ ಬಿಟ್ಟಿದ್ದ ಫೈಲನ್ನು ಹೊರಗಿನ ಫಂಕ್ಷನ್ ಇನ್ನೊಮ್ಮೆ ಬಿಡುತ್ತಿತ್ತು. ಇಲ್ಲಿ ಎರಡೂ ಫಂಕ್ಷನ್‌ಗಳನ್ನು ಒಂದೊಂದಾಗಿ ಓದಿದರೆ ತಪ್ಪು ಕಾಣುವುದಿಲ್ಲ. ವಿಫಲವಾದಾಗ ಬಿಡುವುದು ಕರೆದವರ ಹೊಣೆಯೋ ಕರೆಸಿಕೊಂಡವರ ಹೊಣೆಯೋ ಎಂಬ ಒಪ್ಪಂದ ಅವೆರಡರ ನಡುವೆ ಸ್ಪಷ್ಟವಾಗಿರಲಿಲ್ಲ.

ಹಾಗಾದರೆ ವಿಫಲವಾದಾಗ ಬಿಡಬೇಕಾದವರು ಯಾರು?

ಪ್ರತಿ ಇಂಟರ್‌ಫೇಸ್‌ಗೂ ತನ್ನದೇ ಒಪ್ಪಂದವಿದೆ, ಹಾಗಾಗಿ ಎಲ್ಲಕ್ಕೂ ಸಲ್ಲುವ ಒಂದು ಉತ್ತರ ಇಲ್ಲ. ಬಳಸುವ ಮೊದಲು ಅದರ ಮೇಲಿನ ವಿವರಣೆಯನ್ನು, ಅದು ಇಲ್ಲದಿದ್ದರೆ ಕೋಡನ್ನೇ ಓದಬೇಕು. ಸಾಮಾನ್ಯ ರೂಢಿ ಏನೆಂದರೆ, ವಿಫಲವಾದ ಫಂಕ್ಷನ್ ತಾನು ಪಡೆದದ್ದನ್ನೆಲ್ಲ ತಾನೇ ಬಿಟ್ಟು, ಏನೂ ಆಗಿಲ್ಲವೆಂಬಂತೆ ಹಿಂದಿರುಗುತ್ತದೆ. ಆದರೆ ಅಪವಾದಗಳೇ ಹೆಚ್ಚು ನೋವು ಕೊಡುತ್ತವೆ.

ಸಾಧನವನ್ನು ಕರ್ನಲ್‌ನಲ್ಲಿ ನೋಂದಾಯಿಸುವ ಡಿವೈಸ್_ರಿಜಿಸ್ಟರ್ ಅವುಗಳಲ್ಲಿ ಮುಖ್ಯವಾದದ್ದು. ಅದು ವಿಫಲವಾದರೂ ಅದರ ಮೊದಲ ಹೆಜ್ಜೆ ಎಣಿಕೆಯನ್ನು 1ಕ್ಕೆ ಇಟ್ಟಾಗಿರುತ್ತದೆ, ಆದ್ದರಿಂದ ರಚನೆಯನ್ನು ಕೆಫ್ರೀಯಿಂದ ನೇರವಾಗಿ ಬಿಡದೆ ಪುಟ್_ಡಿವೈಸ್ ಕರೆಯಬೇಕು. ನೇರವಾಗಿ ಬಿಟ್ಟರೆ ಸಾಧನದ ಹೆಸರಿಗಾಗಿ ಪಡೆದ ಮೆಮೊರಿ ಸೋರುತ್ತದೆ, ರಚನೆಯನ್ನು ಬೇರೆ ಯಾರಾದರೂ ಅಷ್ಟರಲ್ಲಿ ಹಿಡಿದಿದ್ದರೆ ಅವರ ಕಾಲ ಕೆಳಗಿನ ನೆಲವೇ ಕುಸಿಯುತ್ತದೆ. ಡಿವೈಸ್ ಟ್ರೀಯನ್ನು (ಯಂತ್ರದ ಹಾರ್ಡ್‌ವೇರನ್ನು ವಿವರಿಸುವ ಮರದ ರೂಪದ ದತ್ತಾಂಶವನ್ನು) ಓದುವ ಮ್ಯಾಕ್ರೋಗಳು ಇನ್ನೊಂದು ಉದಾಹರಣೆ: ಮಕ್ಕಳ ನೋಡ್‌ಗಳನ್ನು ಸುತ್ತುವ ಲೂಪ್ ಪ್ರತಿ ಸುತ್ತಿನಲ್ಲೂ ಹಿಂದಿನ ನೋಡನ್ನು ಬಿಟ್ಟು ಮುಂದಿನದನ್ನು ಹಿಡಿಯುತ್ತದೆ. ಲೂಪ್ ತಾನಾಗಿ ಮುಗಿದರೆ ಲೆಕ್ಕ ಸರಿ. ನಡುವೆ ಬ್ರೇಕ್ ಅಥವಾ ರಿಟರ್ನ್ ಮಾಡಿದರೆ ಆ ಸುತ್ತಿನ ನೋಡ್ ನಿಮ್ಮ ಕೈಯಲ್ಲಿಯೇ ಉಳಿಯುತ್ತದೆ. ಇನ್ನು ಆಫ್_ಫೈಂಡ್_ನೋಡ್_ಬೈ_ನೇಮ್ ಸಿಕ್ಕ ನೋಡನ್ನು ಹಿಡಿದು ಕೊಡುವುದಲ್ಲದೆ, ಹುಡುಕಾಟ ಎಲ್ಲಿಂದ ಆರಂಭವಾಗಬೇಕೆಂದು ನೀವು ಕೊಟ್ಟ ನೋಡನ್ನು ಬಿಟ್ಟೂ ಬಿಡುತ್ತದೆ. ಹುಡುಕು ಎಂಬ ಹೆಸರು ಓದಿದವರಿಗೆ ಇದು ಹೊಳೆಯುವುದು ಸಾಧ್ಯವೇ ಇಲ್ಲ, ಮತ್ತು ಇಂಥ ಹೆಸರಿಡುವಿಕೆಯನ್ನು ನಾನು ಇಂಟರ್‌ಫೇಸ್‌ನ ದೋಷವೆಂದೇ ಪರಿಗಣಿಸುತ್ತೇನೆ. ಹಿಡಿತ ಕೊಡುವ ಫಂಕ್ಷನ್‌ನ ಹೆಸರಿನಲ್ಲಿ ಗೆಟ್ ಎಂದಿರಬೇಕು, ಬಿಡುವುದರಲ್ಲಿ ಪುಟ್ ಎಂದಿರಬೇಕು.

ಒಂದೇ ಫಂಕ್ಷನ್‌ನಲ್ಲಿ ನಾಲ್ಕಾರು ಸಂಪನ್ಮೂಲಗಳನ್ನು ಪಡೆಯುವಾಗ ಗೋಟೂ ಬಳಸಿ, ಪಡೆದ ಕ್ರಮಕ್ಕೆ ವಿರುದ್ಧ ಕ್ರಮದಲ್ಲಿ ಬಿಡುವ ಏಣಿಯನ್ನು ಫಂಕ್ಷನ್‌ನ ಕೊನೆಯಲ್ಲಿ ಕಟ್ಟುವುದು ಕರ್ನಲ್‌ನ ಹಳೆಯ ಪದ್ಧತಿ. ಗುರುತುಗಳಿಗೆ ದೋಷ 1, ದೋಷ 2 ಎಂದು ಹೆಸರಿಡದೆ ಅಲ್ಲಿ ಏನನ್ನು ಬಿಡಲಾಗುತ್ತದೆ ಎಂಬುದರ ಹೆಸರಿಟ್ಟರೆ, ಮುಂದೆ ನಡುವೆ ಒಂದು ಹೆಜ್ಜೆ ಸೇರಿಸುವವರು ತಪ್ಪು ಮೆಟ್ಟಿಲಿಗೆ ಜಿಗಿಯುವುದು ಕಡಿಮೆಯಾಗುತ್ತದೆ.

ಗೋಟೂ ಏಣಿಯನ್ನು ಕಂಪೈಲರ್‌ಗೇ ಒಪ್ಪಿಸಬಹುದೇ?

2023ರ 6.5 ಆವೃತ್ತಿಯಿಂದ ಒಪ್ಪಿಸಬಹುದು. ಜಿಸಿಸಿ ಮತ್ತು ಕ್ಲಾಂಗ್ ಎರಡರಲ್ಲಿಯೂ ಇರುವ ಕ್ಲೀನಪ್ ಗುಣವನ್ನು ಆಧರಿಸಿ, ವೇರಿಯಬಲ್ ತನ್ನ ವ್ಯಾಪ್ತಿಯಿಂದ ಹೊರಬಿದ್ದಾಗ ತಾನಾಗಿ ಬಿಡುಗಡೆಯಾಗುವಂತೆ ಮಾಡುವ ಫ್ರೀ ಗುರುತು ಮತ್ತು ಲಾಕ್‌ಗಳಿಗಾಗಿ ಗಾರ್ಡ್ ಮ್ಯಾಕ್ರೋಗಳು ಬಂದಿವೆ. ಯಶಸ್ಸಿನ ದಾರಿಯಲ್ಲಿ ವಸ್ತುವನ್ನು ಕರೆದವರಿಗೆ ಹಸ್ತಾಂತರಿಸುವಾಗ ನೋ_ಫ್ರೀ_ಪಿಟಿಆರ್ ಬಳಸಿ, ತಾನಾಗಿ ಬಿಡುವುದನ್ನು ರದ್ದು ಮಾಡಬೇಕು.

ಇಲ್ಲಿ ಒಂದು ಬಲೆ ಇದೆ. ವೇರಿಯಬಲ್‌ಗಳು ಘೋಷಣೆಯಾದ ಕ್ರಮಕ್ಕೆ ವಿರುದ್ಧವಾಗಿ ಬಿಡುಗಡೆಯಾಗುತ್ತವೆ, ಬೆಲೆ ಪಡೆದ ಕ್ರಮಕ್ಕೆ ವಿರುದ್ಧವಾಗಿ ಅಲ್ಲ. ಹಳೆಯ ಅಭ್ಯಾಸದಂತೆ ಫಂಕ್ಷನ್‌ನ ತಲೆಯಲ್ಲಿ ಪಾಯಿಂಟರನ್ನು ನಲ್ ಎಂದು ಘೋಷಿಸಿ, ಆಮೇಲೆ ಗಾರ್ಡ್‌ನಿಂದ ಲಾಕ್ ಹಿಡಿದು, ಕೊನೆಗೆ ಪಾಯಿಂಟರ್‌ಗೆ ವಸ್ತುವನ್ನು ತುಂಬಿದರೆ, ಹೊರಬೀಳುವಾಗ ಮೊದಲು ಲಾಕ್ ಬಿಟ್ಟು ಆಮೇಲೆ ವಸ್ತುವಿನ ತೆರವು ನಡೆಯುತ್ತದೆ. ತೆರವಿಗೆ ಆ ಲಾಕ್ ಬೇಕಿದ್ದರೆ ಅಲ್ಲಿಗೆ ಕೆಟ್ಟಿತು. ಆದ್ದರಿಂದ ಘೋಷಣೆ ಮತ್ತು ಬೆಲೆ ತುಂಬುವುದು ಒಂದೇ ಸಾಲಿನಲ್ಲಿ ಇರಲಿ. ಒಂದೇ ಫಂಕ್ಷನ್‌ನಲ್ಲಿ ಗೋಟೂ ಏಣಿಯನ್ನೂ ಈ ಗುರುತುಗಳನ್ನೂ ಬೆರೆಸಬಾರದೆಂದು ಕರ್ನಲ್‌ನ ದಾಖಲೆಯೇ ಹೇಳುತ್ತದೆ.

ಡೆವ್‌ಎಂ ಫಂಕ್ಷನ್‌ಗಳನ್ನು ಬಳಸಿದರೆ ಈ ಚಿಂತೆಯೆಲ್ಲ ತಪ್ಪುವುದಿಲ್ಲವೇ?

ಅರ್ಧ ತಪ್ಪುತ್ತದೆ. 2007ರ 2.6.21 ಆವೃತ್ತಿಯಲ್ಲಿ ತೇಜುನ್ ಹಿಯೋ ತಂದ ಈ ವ್ಯವಸ್ಥೆಯಲ್ಲಿ, ಪ್ರೋಬ್ ಹಂತದಲ್ಲಿ, ಅಂದರೆ ಡ್ರೈವರ್ ಸಾಧನಕ್ಕೆ ಜೋಡಿಕೊಳ್ಳುವಾಗ, ಪಡೆದ ಮೆಮೊರಿ, ಇಂಟರಪ್ಟ್, ರಿಜಿಸ್ಟರ್ ಪ್ರದೇಶ ಮೊದಲಾದವು ಸಾಧನದ ಹೆಸರಿನಲ್ಲಿ ದಾಖಲಾಗುತ್ತವೆ. ಪ್ರೋಬ್ ವಿಫಲವಾದರೆ ಅಥವಾ ಡ್ರೈವರ್ ಸಾಧನದಿಂದ ಬೇರ್ಪಟ್ಟರೆ ವಿರುದ್ಧ ಕ್ರಮದಲ್ಲಿ ತಾವಾಗಿ ಬಿಡುಗಡೆಯಾಗುತ್ತವೆ. ಪ್ರೋಬ್‌ನ ದೋಷದ ದಾರಿಗಳಲ್ಲಿದ್ದ ಅಸಂಖ್ಯ ಸೋರಿಕೆಗಳನ್ನು ಇದು ನಿವಾರಿಸಿದೆ, ಮತ್ತು ನಾನು ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ.

ಆದರೆ ಅದು ಬಿಡುಗಡೆ ಮಾಡುವುದು ಡ್ರೈವರ್ ಬೇರ್ಪಟ್ಟಾಗ, ಬಳಸುವವರೆಲ್ಲ ಮುಗಿಸಿದಾಗ ಅಲ್ಲ. ಯುಎಸ್‌ಬಿಯಲ್ಲಿ ಜೋಡಿಸುವ ಒಂದು ಅಳತೆ ಉಪಕರಣಕ್ಕೆ ನಾನು ಡ್ರೈವರ್ ಬರೆದಾಗ ಇದರ ಬಿಸಿ ಮುಟ್ಟಿತು. ನನ್ನ ರಚನೆಗೆ ಮೆಮೊರಿಯನ್ನು ಡೆವ್‌ಎಂ_ಕೆಝಡ್‌ಅಲಾಕ್‌ನಿಂದ ಪಡೆದಿದ್ದೆ. ಪ್ರೋಗ್ರಾಂ ಒಂದು ಉಪಕರಣದ ಫೈಲನ್ನು ತೆರೆದು ಓದುತ್ತಿರುವಾಗಲೇ ಕೇಬಲ್ ಕಿತ್ತರೆ, ರಿಮೂವ್ ಫಂಕ್ಷನ್ ಮುಗಿದ ಕೂಡಲೇ ರಚನೆ ಬಿಡುಗಡೆಯಾಗುತ್ತಿತ್ತು, ಪ್ರೋಗ್ರಾಂ ಫೈಲ್ ಮುಚ್ಚಿದಾಗ ರಿಲೀಸ್ ಫಂಕ್ಷನ್ ಅದೇ ರಚನೆಯನ್ನು ಮುಟ್ಟುತ್ತಿತ್ತು. ಪರೀಕ್ಷೆಯಲ್ಲಿ ಎಷ್ಟೋ ಸಲ ಏನೂ ಆಗುತ್ತಿರಲಿಲ್ಲ, ಏಕೆಂದರೆ ಬಿಟ್ಟ ಮೆಮೊರಿಯಲ್ಲಿ ಹಳೆಯ ದತ್ತಾಂಶವೇ ಕೆಲಹೊತ್ತು ಉಳಿದಿರುತ್ತದೆ. ಮೆಮೊರಿ ಬಳಕೆಯ ತಪ್ಪುಗಳನ್ನು ಹಿಡಿಯುವ ಕೆಎಎಸ್ಎಎನ್ ಸೇರಿಸಿ ಕಟ್ಟಿದ ಕರ್ನಲ್‌ನಲ್ಲಿ ಓಡಿಸಿದ ಮೊದಲ ಸಲವೇ ತಪ್ಪು ಬಯಲಾಯಿತು.

ಸರಿಯಾದ ವಿನ್ಯಾಸದಲ್ಲಿ ಎರಡು ಆಯುಷ್ಯಗಳನ್ನು ಬೇರೆ ಮಾಡಬೇಕು. ಹಾರ್ಡ್‌ವೇರ್‌ಗೆ ಸೇರಿದ್ದೆಲ್ಲ ರಿಮೂವ್‌ನಲ್ಲಿ ಹೋಗಲಿ. ಬಳಕೆದಾರರ ಫೈಲುಗಳು ಬೊಟ್ಟು ಮಾಡುವ ರಚನೆಗೆ ಸಾಮಾನ್ಯ ಕೆಝಡ್‌ಅಲಾಕ್ ಮತ್ತು ಎಣಿಕೆ ಇರಲಿ: ಪ್ರೋಬ್‌ನ ಪರವಾಗಿ ಒಂದು ಹಿಡಿತ, ತೆರೆದ ಪ್ರತಿ ಫೈಲಿಗೂ ಒಂದೊಂದು. ರಿಮೂವ್ ಫಂಕ್ಷನ್ ಲಾಕ್ ಹಿಡಿದು ಸಾಧನ ಹೋಗಿದೆ ಎಂದು ರಚನೆಯಲ್ಲಿ ಗುರುತು ಮಾಡಿ, ಕಾಯುತ್ತಿರುವವರನ್ನು ಎಬ್ಬಿಸಿ, ತನ್ನ ಹಿಡಿತವನ್ನು ಬಿಡುತ್ತದೆ. ಓದುವ, ಬರೆಯುವ ಫಂಕ್ಷನ್‌ಗಳು ಅದೇ ಲಾಕ್‌ನಡಿ ಆ ಗುರುತನ್ನು ನೋಡಿ, ಸಾಧನವಿಲ್ಲ ಎಂಬ ದೋಷವನ್ನು ಹಿಂದಿರುಗಿಸುತ್ತವೆ. ಎಣಿಕೆ ಮೆಮೊರಿಯನ್ನು ಉಳಿಸುತ್ತದೆಯೇ ಹೊರತು ಹಾರ್ಡ್‌ವೇರನ್ನು ಉಳಿಸುವುದಿಲ್ಲ, ಹಾಗಾಗಿ ಈ ಗುರುತು ಇಲ್ಲದಿದ್ದರೆ ಎಣಿಕೆಯೊಂದರಿಂದಲೇ ಕೆಲಸವಾಗದು.

ಮಾಡ್ಯೂಲ್ ಬಳಕೆಯಲ್ಲಿದೆ ಎಂದು ಆರ್‌ಎಂಮಾಡ್ ನಿರಾಕರಿಸುವುದೇಕೆ?

ಮಾಡ್ಯೂಲ್‌ಗೂ (ಕರ್ನಲ್‌ಗೆ ಬೇಕೆಂದಾಗ ಸೇರಿಸಿ, ಆರ್‌ಎಂಮಾಡ್ ಆದೇಶದಿಂದ ತೆಗೆಯಬಹುದಾದ ಕೋಡ್‌ಗೂ) ಎಣಿಕೆಯಿದೆ, ಮಾಡ್ಯೂಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಮಾಡ್ ತೋರಿಸುವ ಮೂರನೆಯ ಅಂಕಣ ಅದೇ. ಫೈಲ್ ಕಾರ್ಯಗಳ ರಚನೆಯಲ್ಲಿ ಓನರ್ ಎಂಬಲ್ಲಿ ದಿಸ್_ಮಾಡ್ಯೂಲ್ ಎಂದು ತುಂಬಿದ್ದರೆ, ಫೈಲ್ ತೆರೆದಾಗ ಕರ್ನಲ್ಲೇ ಮಾಡ್ಯೂಲನ್ನು ಹಿಡಿದು ಮುಚ್ಚಿದಾಗ ಬಿಡುತ್ತದೆ. ಮಾಡ್ಯೂಲ್ ತನ್ನ ಹಿಡಿತವನ್ನು ತಾನೇ ಪಡೆಯಲು ಹೋಗುವುದು ತಪ್ಪು: ಆ ಸಾಲು ಓಡುವ ಮೊದಲೇ ಅದರ ಕೋಡ್ ಮೆಮೊರಿಯಿಂದ ಹೋಗಿರಬಹುದು.

ಎರಡು ವಸ್ತುಗಳು ಒಂದನ್ನೊಂದು ಹಿಡಿದುಕೊಂಡರೆ?

ಎಣಿಕೆಯ ವಿಧಾನಕ್ಕೆ ಹುಟ್ಟಿನಿಂದ ಬಂದ ಕೊರತೆ ಇದು: ಹೊರಗಿನವರೆಲ್ಲ ಬಿಟ್ಟರೂ ಒಳಗಿನ ಸುತ್ತು ಎರಡೂ ಎಣಿಕೆಗಳನ್ನು 1ರಲ್ಲಿಯೇ ಉಳಿಸುತ್ತದೆ. ಹೆಚ್ಚಿನ ಕಡೆ ತಂದೆ ವಸ್ತು ಮಗುವನ್ನು ಎಣಿಸದೆ, ಮಗು ಮಾತ್ರ ತಂದೆಯನ್ನು ಹಿಡಿಯುವಂತೆ ದಿಕ್ಕನ್ನು ಗೊತ್ತುಮಾಡಿ ಸುತ್ತನ್ನು ತಪ್ಪಿಸುತ್ತಾರೆ.

ತಪ್ಪಿಸಲಾಗದ ಕಡೆಯೊಂದಿದೆ. ಯೂನಿಕ್ಸ್ ಸಾಕೆಟ್‌ನ ಮೂಲಕ ಡಿಸ್ಕ್ರಿಪ್ಟರ್‌ಗಳನ್ನು ಕಳುಹಿಸಬಹುದಾದ್ದರಿಂದ, ಒಂದು ಸಾಕೆಟನ್ನು ಅದರ ಮೂಲಕವೇ ಕಳುಹಿಸಿ ಎರಡೂ ತುದಿಗಳನ್ನು ಮುಚ್ಚಬಹುದು. ಆಗ ಆ ಸಾಕೆಟ್ ಯಾರಿಗೂ ತಲುಪದ ಸಂದೇಶದೊಳಗೆ ತನ್ನನ್ನೇ ಹಿಡಿದುಕೊಂಡು ಕೂತಿರುತ್ತದೆ. ಇದಕ್ಕಾಗಿ ಕರ್ನಲ್‌ನೊಳಗೇ ಒಂದು ಕಸ ಸಂಗ್ರಾಹಕವಿದೆ. ದಾರಿಯಲ್ಲಿರುವ ಡಿಸ್ಕ್ರಿಪ್ಟರ್‌ಗಳ ಎಣಿಕೆಯನ್ನು ಫೈಲಿನ ಎಣಿಕೆಯೊಂದಿಗೆ ಹೋಲಿಸಿ, ಹೊರಗಿನಿಂದ ಯಾರೂ ಮುಟ್ಟಲಾಗದ ಸುತ್ತುಗಳನ್ನು ಅದು ಪತ್ತೆ ಮಾಡುತ್ತದೆ. ಸಂದೇಶವನ್ನು ತೆಗೆಯದೆ ಇಣುಕಿ ನೋಡುವ ಸೌಲಭ್ಯಕ್ಕೂ ಈ ಸಂಗ್ರಾಹಕಕ್ಕೂ ನಡುವೆ ಇದ್ದ ಪೈಪೋಟಿಯ ದೋಷವೇ ಸಿವಿಇ-2021-0920. 2024ರ 6.10 ಆವೃತ್ತಿಯಲ್ಲಿ ಇಡೀ ಸಂಗ್ರಾಹಕವನ್ನು ಟಾರ್ಜನ್ ಅವರ ಗ್ರಾಫ್ ಕ್ರಮವಿಧಿಯ ಆಧಾರದಲ್ಲಿ ಹೊಸದಾಗಿ ಬರೆಯಲಾಯಿತು.

ಪ್ರತಿ ಸಲ ಎಣಿಕೆ ಬದಲಿಸುವುದರಿಂದ ವೇಗ ಕುಂದುವುದಿಲ್ಲವೇ?

ಹಲವು ಸಿಪಿಯುಗಳು ಒಂದೇ ಎಣಿಕೆಯನ್ನು ಬದಲಿಸುತ್ತಿದ್ದರೆ ಆ ಕ್ಯಾಶ್ ಸಾಲು ಅವುಗಳ ನಡುವೆ ಓಡಾಡುವುದರಲ್ಲಿಯೇ ಸಮಯ ಕಳೆಯುತ್ತದೆ. 2013ರ 3.11ರಲ್ಲಿ ಬಂದ ಪರ್‌ಸಿಪಿಯು_ರೆಫ್ ಪ್ರತಿ ಸಿಪಿಯುಗೂ ಪ್ರತ್ಯೇಕ ಎಣಿಕೆ ಕೊಟ್ಟು, ವಸ್ತುವನ್ನು ಕೊನೆಗಾಣಿಸುವ ಹೊತ್ತಿಗೆ ಮಾತ್ರ ಅವನ್ನೆಲ್ಲ ಕೂಡಿಸಿ ಒಂದೇ ಎಣಿಕೆಗೆ ಬದಲಾಯಿಸುತ್ತದೆ. ಡಿಸ್ಕ್ರಿಪ್ಟರ್ ಸಂಖ್ಯೆಯಿಂದ ಫೈಲ್ ರಚನೆಯನ್ನು ಪಡೆಯುವ ಎಫ್‌ಡಿಗೆಟ್‌ನ ಉಪಾಯ ಬೇರೆ: ಡಿಸ್ಕ್ರಿಪ್ಟರ್ ಕೋಷ್ಟಕವನ್ನು ಒಂದೇ ಥ್ರೆಡ್ ಬಳಸುತ್ತಿದ್ದರೆ, ಈ ಕರೆ ಮುಗಿಯುವ ಮುನ್ನ ಬೇರೆ ಯಾರೂ ಅದನ್ನು ಮುಚ್ಚಲಾರರು ಎಂಬ ಆಧಾರದ ಮೇಲೆ ಎಣಿಕೆಯನ್ನು ಏರಿಸುವುದೇ ಇಲ್ಲ.

ತಪ್ಪಿದ ಲೆಕ್ಕವನ್ನು ಪತ್ತೆ ಹಚ್ಚುವುದು ಹೇಗೆ?

ಬಿಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವ ತಪ್ಪಿಗೆ ಕೆಎಎಸ್ಎಎನ್ ಅತ್ಯುತ್ತಮ; ಯಾವ ಸಾಲಿನಲ್ಲಿ ಪಡೆಯಲಾಯಿತು, ಎಲ್ಲಿ ಬಿಡಲಾಯಿತು, ಎಲ್ಲಿ ಮತ್ತೆ ಮುಟ್ಟಲಾಯಿತು ಎಂಬ ಮೂರನ್ನೂ ಅದು ಹೇಳುತ್ತದೆ. ಸೋರಿಕೆಗೆ ಕೆಮೆಮ್‌ಲೀಕ್ ಇದೆ, ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಮೆಮೊರಿಯನ್ನು ಜಾಲಾಡಿ ಯಾವ ಪಾಯಿಂಟರೂ ತಲುಪದ ತುಣುಕುಗಳನ್ನು ಪಟ್ಟಿ ಮಾಡುತ್ತದೆ. ಆದರೆ ಒಂದು ಮಿತಿ ನೆನಪಿರಲಿ: ಬಿಡದೆ ಉಳಿದ ಹಿಡಿತದಿಂದಾಗಿ ವಸ್ತು ಇನ್ನೂ ಯಾವುದೋ ಪಟ್ಟಿಯಲ್ಲಿ ಕೂತಿದ್ದರೆ, ಕೆಮೆಮ್‌ಲೀಕ್‌ನ ದೃಷ್ಟಿಯಲ್ಲಿ ಅದು ಸೋರಿಕೆಯೇ ಅಲ್ಲ.

ಅಂಥದ್ದಕ್ಕೆ ಹಿಡಿತಗಳಿಗೇ ಹೆಸರು ಕೊಡಬೇಕಾಗುತ್ತದೆ. ನೆಟ್‌ವರ್ಕ್ ಸಾಧನವನ್ನು ತೆಗೆಯುವಾಗ ಅದು ಮುಕ್ತವಾಗಲೆಂದು ಕಾಯುತ್ತಿದ್ದೇನೆ, ಎಣಿಕೆ 1 ಇದೆ ಎಂದು ಕರ್ನಲ್ 10 ಸೆಕೆಂಡಿಗೊಮ್ಮೆ ದೂರುವುದನ್ನು ಕಂಟೇನರ್‌ಗಳನ್ನು ನಡೆಸುವವರು ಬಲ್ಲರು. ಆ ಒಂದು ಹಿಡಿತ ಯಾರದು ಎಂದು ಬರೀ ಸಂಖ್ಯೆ ಹೇಳಲಾರದು. ಎರಿಕ್ ಡ್ಯುಮಾಝೆ 5.17 ಆವೃತ್ತಿಯಲ್ಲಿ ತಂದ ರೆಫ್_ಟ್ರ್ಯಾಕರ್ ಪ್ರತಿ ಹಿಡಿತಕ್ಕೂ ಅದನ್ನು ಪಡೆದ ಕರೆಗಳ ಸರಣಿಯನ್ನು ದಾಖಲಿಸುತ್ತದೆ, ಹೀಗಾಗಿ ಬಿಡದವರು ಯಾರೆಂದು ನೇರವಾಗಿ ಓದಬಹುದು. ಕೆಆಬ್ಜೆಕ್ಟ್ (ಕರ್ನಲ್‌ನ ಸಾಧನ ಮಾದರಿಯ, ಎಣಿಕೆಯುಳ್ಳ ಮೂಲ ರಚನೆ) ಬಳಸುವವರು ಡಿಬಗ್_ಕೆಆಬ್ಜೆಕ್ಟ್_ರಿಲೀಸ್ ಆಯ್ಕೆಯನ್ನೂ ಹಾಕಿಕೊಳ್ಳಿ. ಅದು ಕೊನೆಯ ಪುಟ್ ಆದ ಮೇಲೂ ತೆರವನ್ನು ಬೇಕೆಂದೇ ಕೆಲವು ಸೆಕೆಂಡು ತಡಮಾಡುವುದರಿಂದ, ಪುಟ್ ಆದೊಡನೆ ವಸ್ತು ಹೋಗಿಬಿಡುತ್ತದೆ ಎಂದು ನಂಬಿ ಬರೆದ ಕೋಡ್ ನಿಮ್ಮ ಮೇಜಿನ ಮೇಲೆಯೇ ಸಿಕ್ಕಿಬೀಳುತ್ತದೆ.

ರಸ್ಟ್ ಬಂದ ಮೇಲೆ ಇದೆಲ್ಲ ಕಲಿಯಬೇಕೇ?

2022ರ ಡಿಸೆಂಬರ್‌ನಲ್ಲಿ ಬಂದ 6.1 ಆವೃತ್ತಿಯಿಂದ ಕರ್ನಲ್‌ನಲ್ಲಿ ರಸ್ಟ್ ಭಾಷೆಗೆ ಆಸರೆ ದೊರೆತಿದೆ. ಅಲ್ಲಿ ಎಆರೆಫ್ ಎಂಬ ಬಗೆಯನ್ನು ನಕಲಿಸಿದರೆ ಎಣಿಕೆ ಏರುತ್ತದೆ, ವ್ಯಾಪ್ತಿ ಮುಗಿದರೆ ಇಳಿಯುತ್ತದೆ. ಎರಡು ಸಲ ಬಿಡುವ ತಪ್ಪು ಸುರಕ್ಷಿತ ಕೋಡ್‌ನಲ್ಲಿ ಕಂಪೈಲೇ ಆಗುವುದಿಲ್ಲ. ಸೋರಿಕೆಯನ್ನು ಮತ್ತು ಸುತ್ತುಗಳನ್ನು ಮಾತ್ರ ರಸ್ಟ್ ತಡೆಯುವುದಿಲ್ಲ. ಅಲ್ಲದೆ ಸಿ ಭಾಷೆಯ ಪ್ರತಿ ಇಂಟರ್‌ಫೇಸ್‌ಗೂ ರಸ್ಟ್‌ನ ಹೊದಿಕೆಯನ್ನು ಬರೆಯುವವರು ಆ ಫಂಕ್ಷನ್ ಹಿಡಿತವನ್ನು ಕೊಡುತ್ತದೆಯೋ, ಎರವಲು ಪಡೆಯುತ್ತದೆಯೋ, ತಾನೇ ಇಟ್ಟುಕೊಳ್ಳುತ್ತದೆಯೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಲೇಬೇಕು. ಆ ಉತ್ತರ ಈಗಲೂ ಸಿ ಕೋಡ್‌ನೊಳಗೇ ಇದೆ.